ಸಾಕುಗಿಳಿಯ ಕೊಕ್ಕು ಮಿತಿಮೀರಿ ಬೆಳೆಯುವುದು: ಅದರ ಕಾರಣಗಳೂ ಉಪಚಾರವೂ

(ಲೇಖಕರು: ವ್ಯವಸಾಯದ ಇನ್‌ಸ್ಪೆಕ್ಟರರೊಬ್ಬರು, ಎಲ್.ಎಜಿ.)

ಗಿಳಿಯೆಂದರೆ ರೈತನಿಗೆ ಎರಡು ಬಗೆಯ ನೆನಪು ಬರುವುದು ಸಹಜ. ಹೊಲದಲ್ಲಿ ಅದು ಹಾಲುಗಾಳಿನ ಜೋಳವನ್ನೂ ಸೂರ್ಯಕಾಂತಿಯನ್ನೂ ಸೀಬೆಯ ಫಸಲನ್ನೂ ಹಾಳುಮಾಡುವ ಶತ್ರು. ಮನೆಯ ಜಗಲಿಯಲ್ಲಿ ಅದು ಮಕ್ಕಳ ಹೆಸರು ಹಿಡಿದು ಕೂಗುವ ಮುದ್ದಿನ ಪ್ರಾಣಿ. ಹೊಲದ ಗಿಳಿಯ ವಿಚಾರವಾಗಿ ಈ ಬಗೆಯ ಪತ್ರಿಕೆಗಳಲ್ಲಿ ಅನೇಕ ವೇಳೆ ಬರೆಯುವುದುಂಟು. ಜಗಲಿಯ ಗಿಳಿಯ ವಿಚಾರವಾಗಿ ಬರೆಯುವುದು ವಿರಳ. ಆದರೆ ಗ್ರಾಮಗಳಲ್ಲಿ ಸಂಚಾರಮಾಡುವಾಗ ಮುಖಂಡರೂ ಜಮೀನುದಾರರೂ ನನ್ನನ್ನು ಬೆಳೆಯ ಸಂಗತಿ ಕೇಳಿ ಮುಗಿಸಿದ ಮೇಲೆ, ಪಂಜರದ ಕಡೆಗೆ ಕೈದೋರಿ, "ಇದರ ಕೊಕ್ಕು ಹೀಗೇಕೆ ಬೆಳೆದಿದೆ? ಕತ್ತರಿಸಬಹುದೇ?" ಎಂದು ಕೇಳುವುದು ಪದೇ ಪದೇ ನಡೆದಿದೆ. ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಅಪಾಯಕರವೆಂಬುದನ್ನು ಅನುಭವದಿಂದ ಕಲಿತಿರುವುದರಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇನೆ.

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಗ್ರಾಮಕ್ಕೆ ಸೂರ್ಯಕಾಂತಿಯ ಬೆಳೆಗೆ ಗಿಳಿಗಳಿಂದಾದ ನಷ್ಟವನ್ನು ನೋಡುವುದಕ್ಕಾಗಿ ಹೋಗಿದ್ದೆನು. ಹೊಲದಲ್ಲಿ ಹುಡುಗರು ಅಟ್ಟಣೆಯ ಮೇಲೆ ನಿಂತು ತಗಡು ಬಡಿದು ಕವಣೆ ಬೀಸುತ್ತಿದ್ದರು. ಅದೇ ಹೊಲದ ಯಜಮಾನರ ಮನೆಯ ಜಗಲಿಯಲ್ಲಿ ಒಂದು ಗಿಳಿಯಿದ್ದಿತು. ಅದರ ಬಟ್ಟಲಲ್ಲಿ ತುಂಬಿದ್ದುದು ಆ ಹೊಲದ ಸೂರ್ಯಕಾಂತಿಯ ಬೀಜವೇ. ಮನೆಯ ಹಿರಿಯಮ್ಮನವರು ಹನ್ನೊಂದು ವರ್ಷ ಅದನ್ನು ಸಾಕಿದ್ದರು. ಅದರ ಮೇಲಿನ ಕೊಕ್ಕು ಬೆಳೆದು, ಕೊರಳ ಗರಿಗಳೊಳಕ್ಕೆ ಬಾಗಿಕೊಂಡಿತ್ತು. ಕಾಳನ್ನು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಹೀಗೆ ಹತ್ತು ಸಲ ಯತ್ನಿಸಿ ಒಂದು ಕಾಳನ್ನು ನುಂಗುತ್ತಿದ್ದಿತು. ಯಜಮಾನರು ಒಳಗಿನಿಂದ ಒಂದು ಉಗುರು ಕತ್ತರಿಯನ್ನು ತಂದು, "ಸ್ವಾಮಿ, ತಾವು ಓದಿದವರು. ದನದ ಗೊರಸನ್ನು ಹೆರೆಯುವ ಹಾಗೆ ಇದನ್ನೂ ಒಂದಿಷ್ಟು ಕತ್ತರಿಸಿಕೊಟ್ಟರೆ ನಮ್ಮ ತಾಯಿಯವರಿಗೆ ಸಮಾಧಾನವಾದೀತು" ಎಂದರು. ನಾನು ಆ ಕತ್ತರಿಯನ್ನು ಮುಟ್ಟಲಿಲ್ಲ. ಏಕೆ ಮುಟ್ಟಲಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಕೊಕ್ಕಿನ ರಚನೆ

ದನದ ಕೊಂಬು, ಗೊರಸು, ನಮ್ಮ ಉಗುರು ಇವು ಯಾವ ಪದಾರ್ಥದಿಂದ ಆಗಿವೆಯೋ ಅದೇ ಜಾತಿಯ ಪದಾರ್ಥದಿಂದಲೇ ಕೊಕ್ಕಿನ ಹೊರಕವಚವೂ ಆಗಿದೆ. ಇದಕ್ಕೆ ಶಾಸ್ತ್ರದಲ್ಲಿ ಕೆರಟಿನ್ ಎಂದು ಹೆಸರು. ಈ ಕವಚದ ಒಳಗೆ ಮೂಳೆಯಿದೆ. ಮೂಳೆಗೂ ಕವಚಕ್ಕೂ ನಡುವೆ ರಕ್ತನಾಳಗಳಿಂದಲೂ ನರಗಳಿಂದಲೂ ಕೂಡಿದ ಜೀವಂತವಾದ ಪದರವಿದೆ. ಕವಚವು ಈ ಪದರದಿಂದ ಹುಟ್ಟಿ, ಬುಡದಿಂದ ತುದಿಯ ಕಡೆಗೆ, ಹಕ್ಕಿಯ ಆಯುಷ್ಯವಿರುವವರೆಗೂ ಎಡೆಬಿಡದೆ ಬೆಳೆಯುತ್ತಲೇ ಇರುತ್ತದೆ. ಗಿಳಿಯ ಕೊಕ್ಕಿನ ತುದಿಯಲ್ಲಿ ಸ್ಪರ್ಶಜ್ಞಾನಕ್ಕಾಗಿಯೇ ನರಗಳ ಒಂದು ವಿಶೇಷ ಅಂಗವಿದೆ. ನಮಗೆ ಬೆರಳ ತುದಿ ಹೇಗೋ ಗಿಳಿಗೆ ಕೊಕ್ಕಿನ ತುದಿ ಹಾಗೆ.

ಗಿಳಿಯ ಜಾತಿಯಲ್ಲಿ ಇನ್ನೊಂದು ವಿಶೇಷವುಂಟು. ಅದರ ಮೇಲಿನ ಕೊಕ್ಕು ತಲೆಬುರುಡೆಗೆ ಕೀಲಿನಂತೆ ಸೇರಿದ್ದು, ಮೇಲಕ್ಕೂ ಕೆಳಕ್ಕೂ ಚಲಿಸಬಲ್ಲುದು. ಕೆಳಗಿನ ಕೊಕ್ಕು ಉಳಿಯಂತೆ ಅಗಲವಾಗಿದ್ದು ಮೇಲಿನ ಕೊಕ್ಕಿನ ಒಳಮೈಗೆ ಒತ್ತಿ ಉಜ್ಜುತ್ತದೆ. ಕಾಡಿನ ಗಿಳಿಯು ದಿನವೆಲ್ಲ ಕೊಂಬೆಗಳನ್ನು ಕಡಿಯುತ್ತದೆ, ತೊಗಟೆ ಸುಲಿಯುತ್ತದೆ, ಗಟ್ಟಿ ಬೀಜಗಳನ್ನು ಒಡೆಯುತ್ತದೆ, ಮರದ ಪೊಟರೆಯನ್ನು ಅಗಲಮಾಡಿಕೊಳ್ಳುತ್ತದೆ. ಹೀಗಾಗಿ ಎಷ್ಟು ಬೆಳೆಯುವುದೋ ಅಷ್ಟೇ ಸವೆಯುವುದು. ಬೆಳೆಯುವುದಕ್ಕೂ ಸವೆಯುವುದಕ್ಕೂ ಇರುವ ಈ ಸಮತೂಕವು ಕೆಟ್ಟಾಗಲೇ ಕೊಕ್ಕು ಮಿತಿಮೀರುತ್ತದೆ. ಕಲ್ಲುನೆಲದ ಮೇಲೆ ನಡೆಯುವ ಎತ್ತಿನ ಗೊರಸು ಸವೆದು ಸರಿಯಾಗಿರುವುದೂ, ಕೊಟ್ಟಿಗೆಯಲ್ಲಿಯೇ ಕಟ್ಟಿಹಾಕಿದ ದನದ ಗೊರಸು ಬೆಳೆದು ಸೊಟ್ಟಗಾಗುವುದೂ ವಾಚಕರು ಕಂಡಿರುವ ಸಂಗತಿಯೇ ಆಗಿದೆ.

ಸಹಜವೋ ಅಸಹಜವೋ ತಿಳಿಯುವ ಬಗೆ

ಗಿಳಿಯ ಮೇಲಿನ ಕೊಕ್ಕು ಉದ್ದವಾಗಿಯೂ ಬಾಗಿಯೂ ಇರುವುದು ಅದರ ಜಾತಿಧರ್ಮ. ಅಲ್ಪಸ್ವಲ್ಪ ಸಿಪ್ಪೆ ಏಳುವುದೂ ಸಹಜವೇ. ಆದುದರಿಂದ ಉದ್ದವನ್ನು ಮಾತ್ರ ನೋಡಿ ಭಯಪಡಬೇಕಾದುದಿಲ್ಲ. ಆದರೆ ಮೇಲಿನ ತುದಿಯು ಕೊರಳಿಗೆ ತಾಗುವುದು. ಬಾಯಿ ಸರಿಯಾಗಿ ಮುಚ್ಚದಿರುವುದು. ಎರಡು ಕೊಕ್ಕುಗಳೂ ಕತ್ತರಿಯ ಅಲಗುಗಳಂತೆ ಒಂದರ ಪಕ್ಕಕ್ಕೊಂದು ಸರಿಯುವುದು. ಮೈ ಮೃದುವಾಗಿ ಪದರಪದರವಾಗಿ ಉದುರುವುದು. ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ರಕ್ತ ಹೆಪ್ಪುಗಟ್ಟಿದಂತೆ ಕಪ್ಪು ಕಲೆಗಳು ಕಾಣುವುದು. ಬಾಯಿಂದ ಕಾಳು ಜಾರಿ ಬೀಳುವುದು. ಇವುಗಳಲ್ಲಿ ಯಾವುದೊಂದು ಕಂಡುಬಂದರೂ ಅಲಕ್ಷ್ಯಮಾಡಕೂಡದು.

ಕಾರಣಗಳು

ಮೊದಲನೆಯದು, ಕೊಕ್ಕಿಗೆ ಕೆಲಸವಿಲ್ಲದಿರುವುದು. ತಂತಿಯ ಪಂಜರ, ನುಣುಪಾದ ಒಂದು ಕೂರುಕಡ್ಡಿ, ನೆನೆಸಿದ ಅನ್ನ, ಸುಲಿದ ಹಣ್ಣು. ಇಷ್ಟರಲ್ಲಿ ಗಿಳಿಗೆ ಕಡಿಯತಕ್ಕದ್ದೇ ಇಲ್ಲ.

ಎರಡನೆಯದೂ, ಬಹುಕಾಲ ಸಾಕಿದ ಹಕ್ಕಿಗಳಲ್ಲಿ ಮುಖ್ಯವಾದುದೂ, ಯಕೃತ್ತಿನ, ಎಂದರೆ ಪಿತ್ತಜನಕಾಂಗದ ರೋಗ. ಸಿಪ್ಪೆ ತೆಗೆದ ಸೂರ್ಯಕಾಂತಿಯ ತಿರುಳಿನಲ್ಲಿ ತೂಕದ ಅರ್ಧದಷ್ಟು ಎಣ್ಣೆಯೇ ಇದೆ. ಕಡಲೆಕಾಯಿ ಬೀಜದಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ. ಹಾರಾಟವಿಲ್ಲದೆ ಪಂಜರದಲ್ಲಿ ಕುಳಿತ ಹಕ್ಕಿಗೆ ಇವನ್ನೇ ವರ್ಷಗಟ್ಟಲೆ ಹಾಕಿದರೆ ಕೊಬ್ಬು ಯಕೃತ್ತಿನಲ್ಲಿ ಸೇರಿ ಅದರ ಕೆಲಸವನ್ನು ಕೆಡಿಸುತ್ತದೆ. ಯಕೃತ್ತು ಕೆಟ್ಟಾಗ ಕೆರಟಿನ್ನಿನ ಬೆಳವಣಿಗೆಯೂ ಕೆಡುತ್ತದೆ. ಕೊಕ್ಕು ಬೇಗ ಬೇಗ, ಮೆತ್ತಗೆ, ವಕ್ರವಾಗಿ ಬೆಳೆಯತೊಡಗುತ್ತದೆ. ಇದರೊಂದಿಗೆ ಬೂಷ್ಟು ಹಿಡಿದ ಕಡಲೆಕಾಯಿಯ ಹಾನಿಯನ್ನೂ ನೆನೆಯಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುದು ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಷ್ಟಿನ ವಿಷದಿಂದಲೆಂದು ತಿಳಿದುಬಂದಿತು. ಅಫ್ಲಾಟಾಕ್ಸಿನ್ ಎಂಬ ಆ ವಿಷವು ನೇರವಾಗಿ ಯಕೃತ್ತನ್ನೇ ಕೆಡಿಸತಕ್ಕುದು. ಮಾರಾಟಕ್ಕೆ ಬಾರದ ಮುಗ್ಗಿದ ಕಾಯಿಯನ್ನು "ಹಕ್ಕಿಗೆ ಸಾಕು" ಎಂದು ಹಾಕುವುದು ದೊಡ್ಡ ತಪ್ಪು.

ಮೂರನೆಯದು, ಪೋಷಕಾಂಶಗಳ ಕೊರತೆ. ಬರಿಯ ಕಾಳಿನಲ್ಲಿ 'ಎ' ಜೀವಸತ್ವವೂ ಸುಣ್ಣದ ಅಂಶವೂ ಸಾಲದು. 'ಎ' ಜೀವಸತ್ವದ ಕೊರತೆಯಿಂದ ಚರ್ಮವೂ ಬಾಯಿಯ ಒಳಪೊರೆಯೂ ಕೊಕ್ಕಿನ ಕವಚವೂ ಕೆಡುತ್ತವೆ. ಸುಣ್ಣವೂ 'ಡಿ' ಜೀವಸತ್ವವೂ ಇಲ್ಲದಿದ್ದರೆ ಮರಿಗಳ ಕೊಕ್ಕು ಮೆತ್ತಗಾಗಿ ಡೊಂಕಾಗುತ್ತದೆ.

ನಾಲ್ಕನೆಯದು, ನುಸಿ. ಸಂತೆಗಳಲ್ಲಿ "ಲವ್ ಬರ್ಡ್ಸ್" ಎಂದು ಮಾರುವ ಆಸ್ಟ್ರೇಲಿಯಾ ದೇಶದ ಬಜರಿಗರ್ ಎಂಬ ಸಣ್ಣ ಗಿಳಿಗಳಿಗೆ ಇದು ಹೆಚ್ಚು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ನುಸಿಯು ಕೊಕ್ಕಿನ ಬುಡವನ್ನೂ ಮುಖವನ್ನೂ ಕೊರೆದು, ಜೇನುಹುಟ್ಟಿನಂತೆ ತೂತುತೂತಾದ ಬಿಳಿಯ ಹಕ್ಕಳೆಯನ್ನು ಉಂಟುಮಾಡುತ್ತದೆ. ಅಲಕ್ಷ್ಯ ಮಾಡಿದರೆ ಕೊಕ್ಕು ಶಾಶ್ವತವಾಗಿ ವಿಕಾರವಾಗುತ್ತದೆ.

ಐದನೆಯದು, ಏಟು ಬಿದ್ದು ಬುಡದ ಜೀವಂತ ಪದರಕ್ಕೆ ಗಾಯವಾಗಿರುವುದು, ಇಲ್ಲವೆ ಮರಿಯಾಗಿದ್ದಾಗ ಕೈತುತ್ತು ಕೊಡುವವರು ಯಾವಾಗಲೂ ಒಂದೇ ಪಕ್ಕದಿಂದ ಒತ್ತಿ ಉಣಿಸಿ ಕೊಕ್ಕು ವಾರೆಯಾಗಿರುವುದು. ಇವಲ್ಲದೆ, ಗರಿಗಳನ್ನು ಉದುರಿಸಿ ಕೊಕ್ಕನ್ನು ಕೆಡಿಸುವ ಒಂದು ವೈರಸ್ ರೋಗವೂ ಗಿಳಿಗಳಿಗೆ ಉಂಟು. ಇದು ಒಂದರಿಂದ ಇನ್ನೊಂದಕ್ಕೆ ಅಂಟತಕ್ಕುದು.

ಕತ್ತರಿ ಹಿಡಿಯಕೂಡದು

ಈಗ ನಾನು ಆ ಯಜಮಾನರ ಕತ್ತರಿಯನ್ನು ಏಕೆ ಮುಟ್ಟಲಿಲ್ಲವೆಂಬುದನ್ನು ಹೇಳಬೇಕಾಗಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಂಧುಗಳೊಬ್ಬರ ಮನೆಯಲ್ಲಿ ಇಂಥದೇ ಗಿಳಿಯೊಂದರ ಕೊಕ್ಕನ್ನು ಉಗುರು ಕತ್ತರಿಯಿಂದ ಕತ್ತರಿಸಿದೆನು. ಗೊರಸಿನ ವಿಷಯ ಬಲ್ಲವನಿಗೆ ಕೊಕ್ಕು ಯಾವ ಮಹಾಕಾರ್ಯವೆಂಬ ಅಹಂಕಾರ ಆಗ ನನ್ನಲ್ಲಿತ್ತು. ಕತ್ತರಿಸಿದ ಕೂಡಲೆ ಕೊಕ್ಕು ಉದ್ದಕ್ಕೆ ಸೀಳಿತು. ರಕ್ತವು ಹನಿಹನಿಯಾಗಿ ಬಂದಿತು. ಅರಿಶಿನ ಒತ್ತಿದೆವು, ನಿಲ್ಲಲಿಲ್ಲ. ಹಕ್ಕಿಯು ಕೊಸರಾಡದಿರಲೆಂದು ಅದರ ಎದೆಯನ್ನು ಭದ್ರವಾಗಿ ಹಿಡಿದಿದ್ದೆವು. ದೀಪ ಹಚ್ಚುವ ಹೊತ್ತಿಗೆ ಅದು ಸತ್ತುಹೋಯಿತು. ಅಂದು ಮಾಡಿದ ತಪ್ಪುಗಳು ಒಂದಲ್ಲ, ಮೂರು. ಅವನ್ನು ಇಲ್ಲಿ ಬಿಡಿಸಿ ಹೇಳುವುದರಿಂದ ಇನ್ನೊಂದು ಹಕ್ಕಿಯಾದರೂ ಉಳಿಯಲಿ ಎಂಬುದೇ ನನ್ನ ಆಶಯ.

ಒಂದನೆಯ ತಪ್ಪು: ಕೊಕ್ಕು ಅತಿಯಾಗಿ ಬೆಳೆದಾಗ ಅದರೊಳಗಿನ ರಕ್ತನಾಳವೂ ಅನೇಕ ವೇಳೆ ಮುಂದಕ್ಕೆ ಬೆಳೆದಿರುತ್ತದೆ. ಬಣ್ಣದ ಕೊಕ್ಕಿನಲ್ಲಿ ಅದು ಹೊರಗೆ ಕಾಣುವುದಿಲ್ಲ. ಎತ್ತಿನ ಗೊರಸಿನಲ್ಲಿ ನಿರ್ಜೀವವಾದ ಭಾಗ ದಪ್ಪ. ಗಿಳಿಯ ಕೊಕ್ಕಿನಲ್ಲಿ ಅದು ತೆಳುವು. ಕತ್ತರಿಯ ಒತ್ತಡಕ್ಕೆ ಕವಚವು ಸೀಳುವುದರಿಂದಲೇ ಪಶುವೈದ್ಯರು ಅದನ್ನು ಸಣ್ಣ ಅರದಿಂದಲೋ, ತಿರುಗುವ ಸಾಣೆಯ ಯಂತ್ರದಿಂದಲೋ ಸ್ವಲ್ಪ ಸ್ವಲ್ಪವಾಗಿ ಸವೆಯಿಸುತ್ತಾರೆ.

ಎರಡನೆಯ ತಪ್ಪು: ಹಕ್ಕಿಗಳಿಗೆ ನಮ್ಮಂತೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟಕ್ಕೆ ನೆರವಾಗುವ ವಪೆ ಇಲ್ಲ. ಎದೆಯ ಮೂಳೆಯು ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಅವು ಉಸಿರಾಡಬಲ್ಲವು. ಎದೆಯನ್ನು ಬಿಗಿಹಿಡಿದರೆ ಮೂಗೂ ಬಾಯಿಯೂ ತೆರೆದಿದ್ದಾಗ್ಯೂ ಉಸಿರು ಕಟ್ಟಿ ಸಾಯುತ್ತವೆ.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು: ಕಾರಣವನ್ನು ಹುಡುಕದೆ ಕಾರ್ಯಕ್ಕೆ ಕೈಹಾಕಿದುದು. ರಕ್ತವು ಹೆಪ್ಪುಗಟ್ಟುವುದಕ್ಕೆ ಬೇಕಾದ ದ್ರವ್ಯಗಳು ತಯಾರಾಗುವುದು ಯಕೃತ್ತಿನಲ್ಲಿ. ಯಕೃತ್ತು ಕೆಟ್ಟುದರಿಂದಲೇ ಕೊಕ್ಕು ಬೆಳೆದಿದ್ದರೆ, ಅಂಥ ಹಕ್ಕಿಯ ರಕ್ತವು ಸುಲಭವಾಗಿ ನಿಲ್ಲುವುದಿಲ್ಲ. ಎಂದರೆ, ಯಾವ ಹಕ್ಕಿಯ ಕೊಕ್ಕನ್ನು ಕತ್ತರಿಸಬೇಕೆಂದು ನಮಗೆ ಹೆಚ್ಚಾಗಿ ತೋರುವುದೋ ಅದೇ ಹಕ್ಕಿಯು ಕತ್ತರಿಯಿಂದ ಸಾಯುವ ಸಂಭವವೂ ಹೆಚ್ಚು. ಹಕ್ಕಿಯ ಮೈಯಲ್ಲಿ ರಕ್ತವಿರುವುದು ಸುಮಾರಾಗಿ ಅದರ ತೂಕದ ಹತ್ತರಲ್ಲಿ ಒಂದು ಪಾಲು. 35 ಗ್ರಾಂ ತೂಗುವ ಬಜರಿಗರಿನಲ್ಲಿ ಇದು ಒಂದು ಸಣ್ಣ ಚಮಚೆಯಷ್ಟೂ ಆಗುವುದಿಲ್ಲ. ನಮಗೆ ನಾಲ್ಕು ಹನಿಯೆಂದು ತೋರುವುದು ನಿತ್ರಾಣವಾದ ಹಕ್ಕಿಗೆ ನಾಲ್ಕು ಹನಿಯಲ್ಲ.

ಮಾಡತಕ್ಕ ಉಪಚಾರ

ಮೊದಲು ಹಕ್ಕಿಯನ್ನು ಪಶುವೈದ್ಯರಿಗೆ ತೋರಿಸಬೇಕು. ತಾಲ್ಲೂಕಿನ ಪಶುವೈದ್ಯಾಲಯದಲ್ಲಿ ವಿಚಾರಿಸಿ, ಅಲ್ಲಿ ಹಕ್ಕಿಗಳ ಚಿಕಿತ್ಸೆಗೆ ಅನುಕೂಲವಿಲ್ಲದಿದ್ದರೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂತಹ ಸ್ಥಳಕ್ಕೆ ಅವರ ಸಲಹೆಯಂತೆ ಒಯ್ಯಬಹುದು. ಒಯ್ಯುವಾಗ ಪಂಜರಕ್ಕೆ ತೆಳುವಾದ ಬಟ್ಟೆಯನ್ನು ಹೊದಿಸಿ, ಬಿಸಿಲನ್ನೂ ಗಾಳಿಯ ಹೊಡೆತವನ್ನೂ ತಪ್ಪಿಸಬೇಕು. ಆ ದಿನದ ಹಿಕ್ಕೆಯನ್ನು ಒಂದು ಕಾಗದದ ಮೇಲೆ ಹಾಗೆಯೇ ತೆಗೆದುಕೊಂಡು ಹೋಗುವುದು ಉತ್ತಮ. ಹಿಕ್ಕೆಯಲ್ಲಿ ಬಿಳಿಯಾಗಿರಬೇಕಾದ ಭಾಗವು ಹಳದಿಯಾಗಿಯೋ ಹಸುರಾಗಿಯೋ ಇದ್ದರೆ ಯಕೃತ್ತಿನ ರೋಗದ ಸಂಶಯಕ್ಕೆ ಕಾರಣವುಂಟು. ನುಸಿಯಿದ್ದರೆ ವೈದ್ಯರು ತಕ್ಕ ಔಷಧವನ್ನು ತೂಕ ನೋಡಿ ಕೊಡುತ್ತಾರೆ. ಸೀಮೆಎಣ್ಣೆಯನ್ನಾಗಲಿ ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನಾಗಲಿ ಹಚ್ಚಲೇಬಾರದು.

ವೈದ್ಯರಿರುವ ಸ್ಥಳಕ್ಕೆ ಮುಟ್ಟುವ ಮೊದಲೇ ಕೊಕ್ಕು ಮುರಿದು ರಕ್ತ ಬಂದರೆ, ನಯವಾದ ಮುಸುಕಿನ ಜೋಳದ ಹಿಟ್ಟನ್ನಾಗಲಿ ಮೈದಾ ಹಿಟ್ಟನ್ನಾಗಲಿ ತುದಿಗೆ ಒತ್ತಿ, ಶುದ್ಧವಾದ ಬಟ್ಟೆಯಿಂದ ಕೆಲವು ನಿಮಿಷ ಹಿಡಿದುಕೊಳ್ಳಬೇಕು. ಮೂಗಿನ ರಂಧ್ರಕ್ಕೂ ಬಾಯೊಳಕ್ಕೂ ಹಿಟ್ಟು ಹೋಗದಂತೆ ನೋಡಿಕೊಳ್ಳಬೇಕು. ಹಿಡಿಯುವಾಗ ಮೆತ್ತನೆಯ ಟವೆಲಿನಲ್ಲಿ ರೆಕ್ಕೆಗಳನ್ನು ಸುತ್ತಿ, ತಲೆಯನ್ನು ಎರಡು ಪಕ್ಕಗಳಿಂದ ಹಗುರವಾಗಿ ಹಿಡಿಯುವುದೇ ಹೊರತು ಎದೆಯನ್ನು ಒತ್ತಕೂಡದು. ನಂತರ ಕತ್ತಲೆಯೂ ಬೆಚ್ಚಗೂ ಇರುವ ಸ್ಥಳದಲ್ಲಿಟ್ಟು ಬೇಗನೆ ವೈದ್ಯರ ಬಳಿಗೆ ಒಯ್ಯಬೇಕು.

ಆಹಾರವೂ ಕೊಕ್ಕಿನ ಕೆಲಸವೂ

ವೈದ್ಯರು ಕೊಕ್ಕನ್ನು ಸವೆಯಿಸಿ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪದ್ಧತಿಯನ್ನು ಬದಲಾಯಿಸದಿದ್ದರೆ ಕೊಕ್ಕು ಮತ್ತೆ ಬೆಳೆಯುವುದು ನಿಶ್ಚಯ. ನವಣೆ, ಸಾಮೆ, ಸಜ್ಜೆ, ಮೊಳಕೆ ಬಂದ ಹೆಸರುಕಾಳು. ನುಗ್ಗೆಸೊಪ್ಪು, ದಂಟಿನ ಸೊಪ್ಪು. ಗಜ್ಜರಿ, ಸಿಹಿಗುಂಬಳ, ಪರಂಗಿಹಣ್ಣು, ಸೀಬೆ, ಕೆಂಪು ಮೆಣಸಿನಕಾಯಿ. ಇವು ನಮ್ಮ ಹಿತ್ತಲಲ್ಲಿಯೇ ದೊರೆಯತಕ್ಕ ಉತ್ತಮ ಆಹಾರಗಳು. ಸೂರ್ಯಕಾಂತಿಯೂ ಕಡಲೆಕಾಯಿಯೂ ಎಂದೋ ಒಂದೆರಡು ಕಾಳಿನಷ್ಟಿರಲಿ. ಆದರೆ ಹಳೆಯ ಆಹಾರವನ್ನು ಒಂದೇ ದಿನದಲ್ಲಿ ನಿಲ್ಲಿಸಿಬಿಡಬಾರದು. ಹೊಸದನ್ನು ಆಹಾರವೆಂದು ಗುರುತಿಸದೆ ಹಕ್ಕಿಯು ಉಪವಾಸ ಬೀಳುವುದುಂಟು. ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸುತ್ತ, ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಕವನ್ನು ನೋಡುತ್ತಿರಬೇಕು. ತೂಕವು ಹತ್ತರಲ್ಲಿ ಒಂದು ಪಾಲು ಇಳಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಕೊಡಗಿನಲ್ಲಿ ಬೆಳೆಯುವ ಬೆಣ್ಣೆಹಣ್ಣು ಹಕ್ಕಿಗಳಿಗೆ ವಿಷ. ಅದನ್ನೂ, ಕಾಫಿ ಟೀಗಳನ್ನೂ, ಚಾಕೊಲೇಟನ್ನೂ, ಈರುಳ್ಳಿಯನ್ನೂ, ಉಪ್ಪಿನ ಕುರುಕಲು ತಿಂಡಿಯನ್ನೂ ಎಂದಿಗೂ ಕೊಡಬಾರದು.

ಕೊಕ್ಕಿಗೆ ಕೆಲಸವಾಗುವಂತೆ ಬೇವು, ಸೀಬೆ ಮೊದಲಾದ ಮರಗಳ ತೊಗಟೆಸಹಿತವಾದ ಕೊಂಬೆಗಳನ್ನು ಪಂಜರದಲ್ಲಿ ಅಡ್ಡಲಾಗಿ ಕಟ್ಟಬೇಕು. ದಪ್ಪ ಬೇರೆ ಬೇರೆಯಾಗಿದ್ದರೆ ಕಾಲಿಗೂ ಹಿತ. ಕಡಿದು ಹಾಳಾದ ಹಾಗೆಲ್ಲ ಹೊಸದನ್ನು ಕಟ್ಟಬೇಕು. ಹಾಳುಮಾಡುವುದೇ ಅದರ ಆರೋಗ್ಯ. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂಬ ಹೆಸರಿನಲ್ಲಿ ದೊರೆಯುವ ಬಿಳಿಯ ಹಗುರವಾದ ಚಿಪ್ಪನ್ನು ಕಟ್ಟಿದರೆ ಕೊಕ್ಕು ಉಜ್ಜುವುದಕ್ಕೂ ಸುಣ್ಣದ ಅಂಶಕ್ಕೂ ಒದಗುತ್ತದೆ. ಒಂದು ಎಚ್ಚರಿಕೆ: ಕೀಟನಾಶಕ ಸಿಂಪಡಿಸಿದ ತೋಟದಿಂದ ಕೊಂಬೆಯನ್ನಾಗಲಿ ಸೊಪ್ಪನ್ನಾಗಲಿ ತರಬಾರದು. ತುಕ್ಕು ತಡೆಯಲು ಸತುವಿನ ಲೇಪ ಕೊಟ್ಟ ತಂತಿಯನ್ನೂ ಹಳೆಯ ಬಣ್ಣವನ್ನೂ ಕಡಿದು ತಿಂದರೆ ವಿಷವೇರುವುದುಂಟು. ಪಂಜರವನ್ನು ಶುಚಿಮಾಡುವವರು ಒಣಗಿದ ಹಿಕ್ಕೆಯ ಧೂಳು ಉಸಿರಿಗೆ ಹೋಗದಂತೆ ಅದನ್ನು ನೀರಿನಿಂದ ನೆನೆಸಿ ತೆಗೆದು, ಕೈ ತೊಳೆದುಕೊಳ್ಳಬೇಕು. ಗಿಳಿಗಳಿಂದ ಮನುಷ್ಯರಿಗೆ ಅಂಟುವ ಒಂದು ಬಗೆಯ ಶ್ವಾಸಕೋಶದ ಜ್ವರವುಂಟು.

ಕಾನೂನಿನ ವಿಚಾರ

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ನಾಡಿನ ಹಸುರು ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಪರಾಧ. 2022ರ ತಿದ್ದುಪಡಿಯ ನಂತರ ಕೊರಳಪಟ್ಟಿಯ ಗಿಳಿಯು ಅದರ ಎರಡನೆಯ ಅನುಸೂಚಿಯಲ್ಲಿ ಸೇರಿದೆ. ಬಜರಿಗರ್, ಕಾಕಟೀಲ್ ಮೊದಲಾದ ಪರದೇಶದ ಸಾಕುಜಾತಿಗಳಿಗೆ ಈ ನಿಷೇಧವಿಲ್ಲ. ಆದರೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಸೇರಿದ, ಆಫ್ರಿಕದ ಬೂದುಗಿಳಿಯಂತಹ ಹಕ್ಕಿಗಳನ್ನು ಸಾಕುವವರು 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. ಕಾನೂನಿಗೆ ಹೆದರಿ, ಬಹುಕಾಲ ಪಂಜರದಲ್ಲಿದ್ದ ಹಕ್ಕಿಯನ್ನು ರಾತ್ರೋರಾತ್ರಿ ಬಿಟ್ಟುಬಿಡುವುದೂ ಸರಿಯಲ್ಲ. ಆಹಾರ ಹುಡುಕಲರಿಯದೆ, ಹಾರಲಾರದೆ, ಅದು ಕಾಗೆಗೋ ಬೆಕ್ಕಿಗೋ ತುತ್ತಾಗುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೇ ಯೋಗ್ಯವಾದ ಮಾರ್ಗ.

ಆ ಜಗಲಿಯ ಗಿಳಿಯ ಕಥೆಯನ್ನು ಇನ್ನು ಮುಗಿಸುತ್ತೇನೆ. ನನ್ನ ಮಾತಿನಂತೆ ಯಜಮಾನರು ಅದನ್ನು ಪಶುವೈದ್ಯರ ಬಳಿಗೆ ಒಯ್ದರು. ಯಕೃತ್ತು ಕೆಟ್ಟಿದೆಯೆಂದು ಅವರು ಕಂಡು, ಕೊಕ್ಕನ್ನು ಒಂದೇ ಸಲಕ್ಕೆ ಸರಿಮಾಡದೆ, ಮೂರು ಸಲ ಸ್ವಲ್ಪಸ್ವಲ್ಪವಾಗಿ ಅರದಿಂದ ಉಜ್ಜಿದರು. ಅರಣ್ಯ ಇಲಾಖೆಗೆ ತಿಳಿಸಬೇಕೆಂಬುದನ್ನೂ ಅವರೇ ಹೇಳಿದರು. ಯಜಮಾನರು ಕಾನೂನನ್ನು ತಿಳಿದ ಮೇಲೆ ಹಿಂಜರಿಯಲಿಲ್ಲ. ಆದರೆ ಹಿರಿಯಮ್ಮನವರು ಒಪ್ಪುವುದಕ್ಕೆ ನಾಲ್ಕು ದಿನ ಹಿಡಿಯಿತು. "ನಾನು ಅದಕ್ಕೆ ಯಾವ ಕಡಿಮೆ ಮಾಡಿದ್ದೆನಪ್ಪಾ? ಮನೆಯವರಿಗಿಂತ ಮೊದಲು ಅದಕ್ಕೇ ಹಾಕುತ್ತಿದ್ದೆನಲ್ಲ" ಎಂದು ಅವರು ನನ್ನನ್ನು ಕೇಳಿದರು. ಹೌದು, ಕಡಿಮೆ ಮಾಡಿರಲಿಲ್ಲ, ಹೆಚ್ಚಾಗಿತ್ತು. ಆ ಮಾತನ್ನು ಆಗ ಅವರೆದುರಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಕೊನೆಗೆ ಅವರೇ ಪಂಜರವನ್ನು ಹಿಡಿದುಕೊಂಡು ಅರಣ್ಯ ಇಲಾಖೆಯ ಕಚೇರಿಯವರೆಗೆ ಬಂದರು. ಮರುವರ್ಷ ಅದೇ ಗ್ರಾಮಕ್ಕೆ ಹೋದಾಗ ಆ ಪಂಜರದಲ್ಲಿ ಮೆಣಸಿನ ಸಸಿಗಳಿದ್ದ ಒಂದು ಕುಂಡವನ್ನು ಇಟ್ಟಿದ್ದರು. ಕೋಳಿಗಳು ಕೆದಕದಂತೆ ಕಾಪಾಡುವುದಕ್ಕೆ ಅದು ಅನುಕೂಲವಾಗಿತ್ತು.

ವಾಚಕರು ನೆನಪಿನಲ್ಲಿಡಬೇಕಾದ ಮುಖ್ಯಾಂಶಗಳು:

1. ಕೊಕ್ಕು ಅತಿಯಾಗಿ ಬೆಳೆಯುವುದು ಸ್ವತಃ ರೋಗವಲ್ಲ, ಅನೇಕ ವೇಳೆ ಒಳಗಿನ ರೋಗದ ಗುರುತು.
2. ಮನೆಯಲ್ಲಿ ಕತ್ತರಿಯಿಂದಾಗಲಿ ಚಾಕುವಿನಿಂದಾಗಲಿ ಕತ್ತರಿಸಕೂಡದು.
3. ಎದೆಯನ್ನು ಒತ್ತಿ ಹಿಡಿಯಕೂಡದು.
4. ಎಣ್ಣೆಕಾಳುಗಳನ್ನು ಕಡಿಮೆಮಾಡಿ ಸೊಪ್ಪು, ತರಕಾರಿ, ಕಿರುಧಾನ್ಯಗಳನ್ನು ಹೆಚ್ಚಿಸಬೇಕು. ಮುಗ್ಗಿದ ಕಾಳು ಬೇಡ.
5. ಕಡಿಯುವುದಕ್ಕೆ ಕೊಂಬೆಗಳನ್ನು ಒದಗಿಸಬೇಕು.
6. ನಾಡಿನ ಗಿಳಿಯನ್ನು ಪಂಜರದಲ್ಲಿಡದೆ, ಈಗಾಗಲೇ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಗ್ರಾಮದಲ್ಲಿ ಒಬ್ಬ ಹಿರಿಯರು ಈ ಪದ್ಧತಿಯನ್ನು ಅನುಸರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು. ಆದಕಾರಣ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ತಮ್ಮ ಜಗಲಿಯ ಪಂಜರಗಳನ್ನು ಒಮ್ಮೆ ನೋಡಿ, ಬಟ್ಟಲಲ್ಲಿ ಏನಿದೆಯೆಂಬುದನ್ನು ಪರೀಕ್ಷಿಸಬೇಕೆಂದು ಪ್ರಾರ್ಥಿಸುತ್ತೇನೆ.